ಹಳೆಯ ಪುಸ್ತಕಗಳ ಚಿತ್ರ ಬಳಸಿ ಮಕ್ಕಳಿಗೆ ಪುಸ್ತಕ, ಕಾರ್ಡ್ ಮಾಡಿ ಮಾರಬಹುದಾ?

ನಿಮ್ಮ ಪ್ರಶ್ನೆ ಇದು: "ನಾನು ಕಾರವಾರದಲ್ಲಿದ್ದೇನೆ. ಕಾಪಿರೈಟ್ ಮುಗಿದ ಪುಸ್ತಕಗಳಿಂದ ಕಥೆ, ಚಿತ್ರ ತೆಗೆದುಕೊಂಡು ಬಣ್ಣ ತುಂಬುವ ಪುಸ್ತಕ, ಕಾರ್ಡು, ಪಜಲ್ ಮಾಡಿ ಮಾರಬೇಕು ಅಂತಿದ್ದೇನೆ. ಕಾನೂನಿನ ತೊಂದರೆ ಬರುತ್ತಾ? ದುಡ್ಡು ಹುಟ್ಟುತ್ತಾ?"

ಮಾರಬಹುದು. ನಾನು ಶಿರಸಿಯಲ್ಲಿ ಕೂತು ನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಆದರೆ ಮೊದಲು ನಾನು ಬಿದ್ದ ಗುಂಡಿ ತೋರಿಸುತ್ತೇನೆ.

ಶುರುವಿಗೆ ಹತ್ತು ಶಿಶುಗೀತೆಗಳ ಒಂದು ಗೋಡೆ ಚಾರ್ಟ್ ಮಾಡಿದೆ. ಎಲ್ಲ ನಾವು ಅಂಗನವಾಡಿಯಲ್ಲಿ ಹೇಳಿದ ಹಾಡುಗಳೇ. ಯಾರು ಬರೆದದ್ದು ಅಂತ ಕೇಳುವ ಯೋಚನೆಯೇ ಬರಲಿಲ್ಲ, ಜನಪದ ಇರಬೇಕು ಅಂದುಕೊಂಡೆ. 300 ಪ್ರತಿ ಹಾಕಿಸಿ ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನ ಹತ್ತಿರ ಟೇಬಲ್ ಹಾಕಿದೆ. ಎರಡನೇ ದಿನ ನಿವೃತ್ತ ಮಾಸ್ತರರೊಬ್ಬರು ಚಾರ್ಟ್ ಬಿಚ್ಚಿ ನೋಡಿದರು. "ತಂಗೀ, ನಾಯಿಮರಿ ಇದೆ, ತುತ್ತೂರಿ ಇದೆ, ರಾಜರತ್ನಂ ಹೆಸರೇ ಇಲ್ವಲ್ಲ?" ಅಂದರು. ನನಗೆ ನಾಚಿಕೆಯಾಗಿ ಬೆವರೇ ಬಂತು. ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಅವರ ಪದ್ಯಗಳ ಹಕ್ಕು 2039ರ ಕೊನೆಯವರೆಗೆ ಇರುತ್ತದೆ. ಚಾರ್ಟುಗಳನ್ನು ಸುತ್ತಿ ಮನೆಗೆ ತಂದೆ. ಹಿಂಬದಿ ಖಾಲಿ ಇತ್ತು, ಮಗಳು ಇವತ್ತಿಗೂ ಅದರ ಮೇಲೆ ಚಿತ್ರ ಬಿಡಿಸುತ್ತಾಳೆ.

ನಮ್ಮ ದೇಶದಲ್ಲಿ ಲೆಕ್ಕ ಸುಲಭ. ಬರೆದವರು ತೀರಿಕೊಂಡ ವರ್ಷಕ್ಕೆ 60 ಸೇರಿಸಿ. ಆ ವರ್ಷ ಮುಗಿದು ಮರುದಿನ, ಜನವರಿ 1ಕ್ಕೆ, ಅದು ಎಲ್ಲರದ್ದು. ಮೊದಲು 50 ವರ್ಷ ಇತ್ತು. ಅದು 60 ಆಗಿದ್ದಕ್ಕೂ ನಿಮ್ಮ ಊರಿಗೂ ಒಂದು ನಂಟಿದೆ. ನಿಮ್ಮ ಕಡಲತೀರಕ್ಕೆ ಹೆಸರು ಕೊಟ್ಟ ರವೀಂದ್ರನಾಥ ಟ್ಯಾಗೋರ್ ಇದ್ದಾರಲ್ಲ, ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದಿದ್ದವರು, ಅವರು ತೀರಿಕೊಂಡದ್ದು 1941ರಲ್ಲಿ. 50 ವರ್ಷ ಮುಗಿಯುವ ಹೊತ್ತಿಗೆ ಸರ್ಕಾರ ಅವಧಿಯನ್ನೇ 60ಕ್ಕೆ ಏರಿಸಿತು. ಹಾಗಾಗಿ ಅವರ ಬರಹಗಳು ಬಿಡುಗಡೆಯಾದದ್ದು 2002ರ ಜನವರಿಯಲ್ಲಿ.

ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರ ನಾಗರಹಾವಿನ ಪದ್ಯ ಧೈರ್ಯವಾಗಿ ಹಾಕಿ. ದಿನಕರ ದೇಸಾಯಿಯವರ ಚುಟುಕ ಹಾಕಬೇಕು ಅಂತ ನನಗೂ ಆಸೆ ಇತ್ತು. ಅವರು ಹೋದದ್ದು 1982ರಲ್ಲಿ, ಅಂದರೆ 2042 ಮುಗಿಯಬೇಕು. ನಮ್ಮ ಜಿಲ್ಲೆಯವರು ಅಂತ ನಮಗೇನೂ ವಿನಾಯಿತಿ ಇಲ್ಲ. ಬೇಕೇಬೇಕು ಅಂದರೆ ಹಕ್ಕು ಇರುವವರ ಹತ್ತಿರ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಗೋವಿನ ಹಾಡು ಮಾತ್ರ ನಿಜಕ್ಕೂ ಜನಪದ, ಬರೆದವರು ಯಾರು ಅಂತಲೇ ಗೊತ್ತಿಲ್ಲ. ಆದರೆ ಇತ್ತೀಚೆಗೆ ಯಾರೋ ಬಿಡಿಸಿದ ಪುಣ್ಯಕೋಟಿಯ ಚಿತ್ರ ಅವರದ್ದು. ಹಾಡು ನಿಮ್ಮದು, ಹಸುವನ್ನು ನೀವೇ ಬಿಡಿಸಬೇಕು!

ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ಪುಸ್ತಕ ಅಂದರೆ ಒಂದೇ ಹಕ್ಕಲ್ಲ. ಕಥೆ ಬರೆದವರದ್ದು ಒಂದು, ಚಿತ್ರ ಬಿಡಿಸಿದವರದ್ದು ಒಂದು, ಅನುವಾದ ಮಾಡಿದವರದ್ದು ಇನ್ನೊಂದು. ವಿನ್ನಿ ದ ಪೂ ಅನ್ನುವ ಕರಡಿಯನ್ನೇ ನೋಡಿ. ಬರೆದ ಮಿಲ್ನ್ 1956ರಲ್ಲಿ ತೀರಿಕೊಂಡರು, ಹಾಗಾಗಿ ಮಾತು ನಮ್ಮಲ್ಲಿ 2017ರಿಂದ ಮುಕ್ತ. ಚಿತ್ರ ಬಿಡಿಸಿದ ಶೆಪರ್ಡ್ ಬದುಕಿದ್ದು 1976ರವರೆಗೆ. ಆ ಚಿತ್ರಗಳನ್ನು ಇಲ್ಲಿ 2036 ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಅಮೆರಿಕದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಅಷ್ಟು ಹಳೆಯ ಪುಸ್ತಕಗಳಿಗೆ ಪ್ರಕಟವಾದ ದಿನದಿಂದ 95 ವರ್ಷ, ಹಾಗಾಗಿ 1926ರ ಆ ಪುಸ್ತಕ ಚಿತ್ರ ಸಮೇತ 2022ರಲ್ಲೇ ಮುಕ್ತವಾಯಿತು. ಅಲ್ಲಿನ ವೆಬ್‌ಸೈಟು "ಫ್ರೀ" ಅಂದ ಕೂಡಲೇ ನಮಗೂ ಫ್ರೀ ಅಂತಲ್ಲ. ಹಾಗೆಯೇ ಇಂಗ್ಲೆಂಡಿಗೋ ಯುರೋಪಿಗೋ ಕಳಿಸಿ ಮಾರುವುದಾದರೆ 60 ಸಾಲದು, ಅಲ್ಲಿ ತೀರಿಕೊಂಡ ಮೇಲೆ 70 ವರ್ಷ.

ಕಿಪ್ಲಿಂಗರ ಜಂಗಲ್ ಬುಕ್ ಕಥೆಗಳೂ ಹಾಗೆ. ಪುಸ್ತಕ 1894ರದ್ದು, ಅವರು ಹೋದದ್ದು 1936ರಲ್ಲಿ, ತೊಂದರೆ ಇಲ್ಲ. ಆದರೆ ಮಕ್ಕಳಿಗೆ ಗೊತ್ತಿರುವುದು ಸಿನಿಮಾದ ಮೋಗ್ಲಿ. ಕಿಂಗ್ ಲೂಯಿ ಅನ್ನುವ ವಾನರ ಕಿಪ್ಲಿಂಗರ ಪುಸ್ತಕದಲ್ಲಿ ಇಲ್ಲವೇ ಇಲ್ಲ, ಡಿಸ್ನಿಯವರು ಹುಟ್ಟಿಸಿದ್ದು. ಅದಕ್ಕೇ ಮೂಲ ಪುಸ್ತಕ ಪಕ್ಕದಲ್ಲಿ ಇಟ್ಟುಕೊಳ್ಳದೆ ಕೆಲಸ ಮಾಡಬೇಡಿ. ಹೆಸರಿಗೆ ಟ್ರೇಡ್‌ಮಾರ್ಕ್ ಇರುವುದು ಬೇರೆ ಕಾಟ. ಪೀಟರ್ ರ‍್ಯಾಬಿಟ್ ಅನ್ನುವ ಮೊಲದ ಕಥೆ ಮುಕ್ತ, ಆದರೆ ಆ ಹೆಸರನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಹಾಕಿ ಮಾರಲು ಹೋದರೆ ವಕೀಲರ ಪತ್ರ ಬರಬಹುದು.

ಇಷ್ಟೆಲ್ಲ ನೋಡಿದ ಮೇಲೆ ನಾನು ವಿದೇಶಿ ಮೊಲ, ಕರಡಿಗಳ ಸಹವಾಸ ಬಿಟ್ಟೆ. ಅವನ್ನು ಮಾರುವವರು ಸಾವಿರ ಜನ ಇದ್ದಾರೆ, ಶಿರಸಿಯಿಂದ ನಾನು ಇನ್ನೊಬ್ಬಳಾಗಿ ಏನು ಮಾಡಲಿ?

ನನಗೆ ಕೈ ಹಿಡಿದದ್ದು ಎರಡು ಪುಸ್ತಕ. ಒಂದು ಹೋರ್ಟಸ್ ಮಲಬಾರಿಕಸ್. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ್ದು. 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಅಚ್ಚಾಯಿತು. ಮೊದಲ ಚಿತ್ರವೇ ತೆಂಗು. ಆಮೇಲೆ ಅಡಿಕೆ, ಹಲಸು, ಕಾಳುಮೆಣಸು, ಹೀಗೆ ನಮ್ಮ ತೋಟವೇ ಪುಟದ ಮೇಲೆ ಇದೆ. ಎಲ್ಲ ತಾಮ್ರದ ತಗಡಿನಲ್ಲಿ ಕೊರೆದ ಗೆರೆಯ ಚಿತ್ರ, ಬಣ್ಣ ಇಲ್ಲ. ಬಣ್ಣ ತುಂಬುವ ಪುಸ್ತಕಕ್ಕೆ ಇದಕ್ಕಿಂತ ಇನ್ನೇನು ಬೇಕು ಹೇಳಿ! ಇನ್ನೊಂದು ಫ್ರಾನ್ಸಿಸ್ ಡೇ ಅವರ ಭಾರತದ ಮೀನುಗಳ ಪುಸ್ತಕ, 1875ರಿಂದ 1878ರ ನಡುವೆ ಬಂದದ್ದು. ಡೇ 1889ರಲ್ಲಿ ತೀರಿಕೊಂಡರು. ಎರಡೂ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ತಾಣದಲ್ಲಿ ಸಿಗುತ್ತವೆ. ಚಿತ್ರದ ಪುಟದಲ್ಲಿ ಹಕ್ಕಿನ ಬಗ್ಗೆ ಒಂದು ಸಾಲು ಇರುತ್ತದೆ, ಅದನ್ನು ಓದಿ, ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ತೋರಿಸಲಿಕ್ಕೆ. ಪಿಂಟರೆಸ್ಟಿನಿಂದ ಮಾತ್ರ ಏನನ್ನೂ ಎತ್ತಬೇಡಿ, ಮೂಲ ಎಲ್ಲಿಯದು ಅಂತ ಪತ್ತೆಯೇ ಹತ್ತುವುದಿಲ್ಲ.

ಸ್ಕ್ಯಾನ್ ಇದ್ದ ಹಾಗೇ ಪ್ರೆಸ್ಸಿಗೆ ಕೊಡುವ ಹಾಗಿಲ್ಲ. ಕಾಗದ ಹಳದಿಯಾಗಿರುತ್ತದೆ, ಹಿಂದಿನ ಪುಟದ ಮಸಿ ಮಬ್ಬಾಗಿ ಕಾಣುತ್ತದೆ. ನಾನು ಗಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಹಿನ್ನೆಲೆ ಬಿಳಿ ಮಾಡಿ, ತೀರಾ ಒತ್ತೊತ್ತಾದ ಗೆರೆಗಳನ್ನು ಅಳಿಸುತ್ತೇನೆ. ಇಲ್ಲದಿದ್ದರೆ ಹಲಸಿನ ಹಣ್ಣಿನಲ್ಲಿ ಮಗುವಿಗೆ ಬಣ್ಣ ತುಂಬಲು ಜಾಗವೇ ಉಳಿಯುವುದಿಲ್ಲ. ಒಂದು ಚಿತ್ರಕ್ಕೆ ಎರಡು ಗಂಟೆ ಹಿಡಿಯುತ್ತದೆ. ಆರು ಇಂಚು ಅಗಲಕ್ಕೆ ಅಚ್ಚು ಹಾಕಬೇಕಾದರೆ ಕನಿಷ್ಠ 1800 ಪಿಕ್ಸೆಲ್ ಅಗಲದ ಫೈಲು ಇರಲಿ. ಒಳಪುಟಕ್ಕೆ ಹೊಳೆಯುವ ಆರ್ಟ್ ಪೇಪರ್ ಬೇಡವೇ ಬೇಡ. ಪ್ರೆಸ್ಸಿನವರು ಚೆಂದ ಕಾಣುತ್ತದೆ ಅಂತ ಒತ್ತಾಯ ಮಾಡುತ್ತಾರೆ, ಆದರೆ ಅದರ ಮೇಲೆ ಕ್ರೇಯಾನ್ ಜಾರುತ್ತದೆ. ಹೊಳಪಿಲ್ಲದ ದಪ್ಪ ಮ್ಯಾಪ್ಲಿಥೋ ಕಾಗದ ಹಾಕಿಸಿ.

ಡೇ ಅವರ ಚಿತ್ರಗಳಿಂದ ಮಾಡಿದ ಮೀನಿನ ಜೋಡಿ ಹುಡುಕುವ ಆಟದ ಕಥೆ ಇನ್ನೂ ಮಜಾ. ನಾನು ಮೀನು ತಿನ್ನದ ಮನೆಯವಳು. ಪುಸ್ತಕ ನೋಡಿಕೊಂಡು ಹೆಸರು ಹಾಕಿದೆ. ಮೊದಲ ಪ್ರೂಫನ್ನು ಕುಮಟಾ ಮೀನು ಪೇಟೆಗೆ ಒಯ್ದು ಅಲ್ಲಿ ಮಾರುವ ಒಬ್ಬ ಅಕ್ಕನಿಗೆ ತೋರಿಸಿದೆ. ಅವರು ನಕ್ಕು, "ಇದು ತಾರ್ಲೆ ಅಲ್ಲ ತಂಗೀ, ತಾರ್ಲೆ ಇಷ್ಟು ಅಗಲ ಇರ್ತದಾ?" ಅಂತ ಕೇಳಿ, ಅಕ್ಕಪಕ್ಕದವರನ್ನೂ ಕರೆದರು. ಅರ್ಧ ಗಂಟೆಯಲ್ಲಿ 24 ಮೀನುಗಳಲ್ಲಿ ಏಳರ ಹೆಸರು ತಿದ್ದಿಸಿಕೊಂಡೆ. ಮಂಗಳೂರಿನವರ ಬೂತಾಯಿ ನಮ್ಮ ಕಡೆ ತಾರ್ಲೆ, ಅವರ ಅಂಜಲ್ ನಮ್ಮ ಇಸ್ವಾಣ. ಡೇ ಕೊಟ್ಟ ವೈಜ್ಞಾನಿಕ ಹೆಸರುಗಳೂ ಎಷ್ಟೋ ಬದಲಾಗಿವೆ. ಬಂಗಡೆಗೆ ಈಗ ರಾಸ್ಟ್ರೆಲಿಗರ್ ಕಾನಗುರ್ತಾ ಅನ್ನುತ್ತಾರೆ. ಡೇ ಅವರ ಚಿತ್ರ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆ ಹೆಸರುಗಳು ಪೇಟೆಗೆ ಹೋದವರಿಗೆ ಮಾತ್ರ ಸಿಗುತ್ತವೆ. ಜನ ದುಡ್ಡು ಕೊಡುವುದೂ ಅದಕ್ಕೇ.

ಈಗ ನಿಮ್ಮ ಪಜಲ್ ವಿಷಯ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ವಿಭಾಗದಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ನಮ್ಮಂಥವರಿಗೆ ಇಲ್ಲ. ಮರದ ಪಜಲ್ ಮಾಡಿಸುವ ಮೊದಲು ಇದನ್ನು ಆ ಗುರುತು ಕೊಡುವ ಬಿಐಎಸ್ ಕಚೇರಿಯಲ್ಲಿ ವಿಚಾರಿಸಿ. ನಾನು ಪುಸ್ತಕಕ್ಕೇ ಅಂಟಿಕೊಂಡೆ. ಮೀನಿನ ಆಟವೂ ಪುಸ್ತಕವೇ. ದಪ್ಪ ಪುಟದಲ್ಲಿ ನಾಲ್ಕು ನಾಲ್ಕು ಚಿತ್ರ, ಮನೆಯಲ್ಲಿ ಕತ್ತರಿಸಿಕೊಂಡು ಆಡಬೇಕು. ಮಕ್ಕಳ ಚಿತ್ರದ ಪುಸ್ತಕ, ಬಣ್ಣ ತುಂಬುವ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ ಅನ್ನುವುದು ಇನ್ನೊಂದು ಅನುಕೂಲ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯೂ ನಮ್ಮ ದೇಶದಲ್ಲಿ ಉಚಿತ, ಆನ್‌ಲೈನಿನಲ್ಲಿ ಅರ್ಜಿ ಹಾಕಿದರಾಯಿತು.

ಕಥೆಯೇ ಬೇಕು ಅಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ. ಕನ್ನಡದ ಕಥೆಗಳೂ ಇವೆ. ಅವಕ್ಕೆ ಕಾಪಿರೈಟ್ ಮುಗಿದಿಲ್ಲ, ಆದರೆ ಹೆಚ್ಚಿನವನ್ನು ಬರೆದವರು, ಬಿಡಿಸಿದವರ ಹೆಸರು ಹಾಕಿ ಮಾರಲಿಕ್ಕೂ ಬಳಸಬಹುದು. ಬೇರೆ ಕಡೆ ಲೈಸೆನ್ಸಿನಲ್ಲಿ ಎನ್‌ಸಿ ಅನ್ನುವ ಎರಡಕ್ಷರ ಕಂಡರೆ ಬಿಟ್ಟುಬಿಡಿ, ಅದು ಮಾರಾಟಕ್ಕಲ್ಲ.

ದುಡ್ಡಿನ ಮಾತು. ತೋಟದ ಬಣ್ಣದ ಪುಸ್ತಕ 500 ಪ್ರತಿ ಹಾಕಿಸಿದಾಗ ಒಂದಕ್ಕೆ 46 ರೂಪಾಯಿ ಬಿತ್ತು, 120ಕ್ಕೆ ಮಾರುತ್ತೇನೆ. ಅಂಗಡಿಯವರಿಗೆ ಕಮಿಷನ್ ಹೋಗಿ ಕೈಗೆ 35 ರೂಪಾಯಿ ಸಿಗುತ್ತದೆ. ಜಾತ್ರೆಯಲ್ಲಿ ನೇರ ಮಾರಿದರೆ ಜಾಸ್ತಿ, ಆದರೆ ನಮ್ಮ ಜಾತ್ರೆ ಎರಡು ವರ್ಷಕ್ಕೊಮ್ಮೆ! ಹೆಚ್ಚು ತೆಗೆದುಕೊಳ್ಳುವವರು ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯವರು, ರಜೆಗೆ ಬಂದಾಗ ಮಕ್ಕಳಿಗೆ ಅಂತ ಒಯ್ಯುತ್ತಾರೆ. ಸಂಬಳ ಬಿಟ್ಟು ಇಳಿಯುವ ಕೆಲಸ ಇದಲ್ಲ. ನಾನು ಈಗಲೂ ಬೆಳಿಗ್ಗೆ ಟ್ಯೂಷನ್ ಹೇಳುತ್ತೇನೆ. ನೀವು ಶುರು ಮಾಡುವುದಾದರೆ ಮೊದಲು 50 ಪ್ರತಿ ಡಿಜಿಟಲ್ ಪ್ರಿಂಟ್ ಮಾಡಿಸಿ. ದುಬಾರಿ ಬೀಳುತ್ತದೆ, ಆದರೆ ತಪ್ಪು ಸಿಕ್ಕರೆ 50ರಲ್ಲೇ ಮುಗಿಯುತ್ತದೆ.

ನಿಮ್ಮ ಹತ್ತಿರ ಒಂದು ಸಹಾಯ ಬೇಕಿತ್ತು. ಆ 24ರಲ್ಲಿ ಎರಡು ಮೀನಿಗೆ ಕುಮಟಾದಲ್ಲೂ ಒಮ್ಮತ ಸಿಕ್ಕಿಲ್ಲ. ಚಿತ್ರ ಕೆಳಗೆ ಹಾಕಿದ್ದೇನೆ. ಕಾರವಾರದ ಪೇಟೆಯಲ್ಲಿ ಏನನ್ನುತ್ತಾರೆ ಅಂತ ಕೇಳಿ ಹೇಳುತ್ತೀರಾ? ಮುಂದಿನ ಪ್ರಿಂಟು ಅದಕ್ಕೇ ನಿಂತಿದೆ.