ಮಳೆ ನಿಂತ ಮರುದಿನ ಸೈಕಲ್ ಹತ್ತಬಹುದೇ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಕನಕಪುರ ರಸ್ತೆ ಕಡೆ. ಭಾನುವಾರ ಗೆಳೆಯರ ಜೊತೆ ತುರಹಳ್ಳಿ ಕಾಡಿನ ದಾರಿಯಲ್ಲಿ ಮೌಂಟನ್ ಬೈಕ್ ಓಡಿಸುತ್ತೇನೆ. ಮೊನ್ನೆ ರಾತ್ರಿ ಜೋರು ಮಳೆ ಬಂದಿತ್ತು, ಬೆಳಗ್ಗೆ ಒಳ್ಳೆ ಬಿಸಿಲು ಅಂತ ಹೋದೆವು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ‘ದಾರಿ ಹಾಳು ಮಾಡ್ತಿದ್ದೀರಿ’ ಎಂದು ಬೈದರು. ಅವರೂ ಅದೇ ಕೆಸರಲ್ಲೇ ನಡೆಯುತ್ತಿದ್ದರು! ಸೈಕಲ್ಲಿಂದ ಅಷ್ಟು ಹಾಳಾಗುತ್ತದಾ? ಮಳೆಗಾಲ ಪೂರ್ತಿ ಸುಮ್ನೆ ಕೂರಬೇಕಾ?

ಉತ್ತರ: ಬೈದದ್ದು ಸರಿಯೇ, ಬೇಜಾರಾಗಬೇಡಿ. ಒದ್ದೆ ಮಣ್ಣಿನಲ್ಲಿ ಕಾಲಿಟ್ಟರೂ ಗುರುತು ಬೀಳುತ್ತದೆ. ಆದರೆ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ಜಾಗ ಇರುತ್ತದೆ. ಚಕ್ರ ಬಿಡುವುದು ಉದ್ದಕ್ಕೂ ಒಂದೇ ಗೀರು. ಇಳಿಜಾರಿನಲ್ಲಿ ಆ ಗೀರೇ ನೀರಿಗೆ ಕಾಲುವೆ. ಮುಂದಿನ ಮಳೆಯ ನೀರು ಅಲ್ಲೇ ಓಡಿ ಮಣ್ಣು ಕೊಚ್ಚುತ್ತದೆ, ಆಮೇಲೆ ಬೇರು ಮೇಲೆ ಬರುತ್ತದೆ, ಕೊನೆಗೆ ಕೊರಕಲು. ಇಳಿಯುವಾಗ ಹಿಂದಿನ ಬ್ರೇಕ್ ಗಟ್ಟಿ ಹಿಡಿದು ಚಕ್ರ ಜಾರಿಸಿದರಂತೂ ಈ ಕೆಲಸ ಬೇಗ ಆಗುತ್ತದೆ.

ಹೋಗಬೇಕೋ ಬೇಡವೋ ಅನ್ನುವುದನ್ನು ಬಿಸಿಲು ನೋಡಿ ತೀರ್ಮಾನಿಸಬೇಡಿ, ಮಣ್ಣು ನೋಡಿ. ಬೆಂಗಳೂರಿನಲ್ಲಿ ಮಳೆ ಹೆಚ್ಚಾಗಿ ಸಂಜೆ, ರಾತ್ರಿ ಹೊಡೆಯುತ್ತದೆ. ನೀವು ಹೋಗುವುದು ಬೆಳಗ್ಗೆ. ಅಂದರೆ ಮಣ್ಣು ತೀರಾ ಮೆತ್ತಗಿರುವ ಹೊತ್ತಿಗೇ ಸರಿಯಾಗಿ ಹೋಗುತ್ತೀರಿ! ಮೇ ತಿಂಗಳ ಗುಡುಗು ಮಳೆಯಾದರೆ ಅಡ್ಡಿ ಕಡಿಮೆ. ಬಿಸಿಲಿಗೆ ಗಟ್ಟಿಯಾದ ಕೆಂಪು ನೆಲದ ಮೇಲೆ ನೀರು ಹರಿದುಹೋಗುತ್ತದೆ, ಒಳ್ಳೆ ಬಿಸಿಲು ಬಿದ್ದರೆ ಮಾರನೇ ದಿನ ನೆಲ ತಡೆದುಕೊಳ್ಳುತ್ತದೆ. ಸೆಪ್ಟೆಂಬರ್ ಕಥೆ ಬೇರೆ. ಊರಿಗೆ ಮಳೆ ಜಾಸ್ತಿ ಬೀಳುವ ತಿಂಗಳು ಅದು. ಮಣ್ಣು ಮೊದಲೇ ನೆನೆದಿರುತ್ತದೆ, ಸಣ್ಣ ಮಳೆಗೂ ಎರಡು ಮೂರು ದಿನ ಬೇಕು. ಮರದ ನೆರಳಲ್ಲಿ ಇನ್ನೂ ತಡ.

ಪರೀಕ್ಷೆ ಸುಲಭ. ದಾರಿ ಶುರುವಾಗುವಲ್ಲೇ ಹಿಮ್ಮಡಿ ಒತ್ತಿ ನೋಡಿ. ಗುಳಿ ಬಿದ್ದರೆ ಅಲ್ಲಿಂದಲೇ ವಾಪಸ್. ಬೀಳಲಿಲ್ಲ ಅಂದರೆ ಸ್ವಲ್ಪ ದೂರ ಓಡಿಸಿ ಟೈರ್ ನೋಡಿ. ಅದರ ಮೇಲಿನ ಗುಬಟುಗಳ (ರಬ್ಬರ್ ಉಬ್ಬುಗಳ) ಮಧ್ಯೆ ಮಣ್ಣು ಮೆತ್ತಿಕೊಂಡಿದ್ದರೆ ಆಗಲೂ ವಾಪಸ್. ಅಷ್ಟು ದೂರ ಬಂದಾಗಿದೆ ಅಂತ ಮನಸ್ಸು ಎಳೆಯುತ್ತದೆ, ಗೊತ್ತು. ಅಂಥ ದಿನ ಜಲ್ಲಿ ಹಾಕಿದ ಹಳ್ಳಿ ರಸ್ತೆ ಹಿಡಿಯಿರಿ, ಅದಕ್ಕೇನೂ ಆಗುವುದಿಲ್ಲ. ಹಾಗಾಗಿ ಮಳೆಗಾಲ ಪೂರ್ತಿ ಕೂರಬೇಕಿಲ್ಲ. ಬಂಡೆ ಬೇಗ ಒಣಗುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ. ಹುಷಾರು.

ದಾರಿ ಒಣಗಿದ್ದರೂ ಅಲ್ಲಲ್ಲಿ ನೀರು ನಿಂತಿರಬಹುದು. ಪಕ್ಕದ ಹುಲ್ಲಿನ ಮೇಲೆ ಸುತ್ತು ಹಾಕಬೇಡಿ. ಎಲ್ಲರೂ ಹಾಗೆ ಮಾಡಿಯೇ ಒಬ್ಬರು ಹೋಗುವ ಕಾಲುದಾರಿ ಜೀಪ್ ರಸ್ತೆಯಷ್ಟು ಅಗಲ ಆಗುವುದು. ನಡುವೆಯೇ ನಿಧಾನ ಹೋಗಿ, ಇಲ್ಲವೇ ಇಳಿದು ಸೈಕಲ್ ಹೆಗಲಿಗೇರಿಸಿ. ಇನ್ನೊಂದು ಮಾತು. ತುರಹಳ್ಳಿ ಅರಣ್ಯ ಇಲಾಖೆಯ ಜಾಗ. ಎಲ್ಲಿ ಓಡಿಸಬಹುದು, ಎಲ್ಲಿ ಬೇಡ ಅಂತ ಗಾರ್ಡ್ ಹತ್ತಿರ ಕೇಳಿಯೇ ಹೋಗಿ. ಜಂಪ್ ಮಾಡಲು ಮಣ್ಣು ಅಗೆದು ದಿಬ್ಬ ಕಟ್ಟುವುದಂತೂ ಬೇಡವೇ ಬೇಡ.

ಪ್ರಶ್ನೆ: ನಮ್ಮದು ಧಾರವಾಡ. ನವಲಗುಂದ ಕಡೆ ಹೊಲದ ದಾರಿಯಲ್ಲಿ ಹೋದಾಗ ಎರೆ ಮಣ್ಣು ಹತ್ತಿ ಚಕ್ರ ತಿರುಗುವುದೇ ನಿಂತಿತು. ಕೆಸರಿನ ಟೈರ್ ಹಾಕಿಸಿದರೆ ಆದೀತೇ?

ಉತ್ತರ: ದುಡ್ಡು ಉಳಿಸಿ. ಗುಬಟು ದೂರ ದೂರ ಇರುವ ಟೈರ್ ಮಾಮೂಲಿ ಕೆಸರಿಗೆ ಸರಿ, ಎರೆಗೆ ಅಲ್ಲ. ಎರೆ ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ, ಪದರದ ಮೇಲೆ ಪದರ ಸುತ್ತಿ ಫೋರ್ಕ್‌ಗೂ ಚಕ್ರಕ್ಕೂ ನಡುವಿನ ಜಾಗ ತುಂಬುತ್ತದೆ. ಆಗ ಸಿಟ್ಟಿನಿಂದ ಪೆಡಲ್ ತುಳಿಯಬೇಡಿ, ಹಿಂದಿನ ಗೇರನ್ನು ಚೌಕಟ್ಟಿಗೆ ಹಿಡಿದಿಡುವ ತುಂಡು (ಹ್ಯಾಂಗರ್) ಮುರಿಯಬಹುದು. ಕಡ್ಡಿಯಿಂದ ಕೆರೆದು ತೆಗೆದು, ಸೈಕಲ್ ಹೊತ್ತು ಡಾಂಬರಿಗೆ ಬನ್ನಿ. ಮನೆಯಲ್ಲಿ ತೊಳೆಯುವಾಗ ಚಕ್ರದ ನಡುವಿನ ಹಬ್, ಪೆಡಲ್ ಬುಡಕ್ಕೆ ಜೋರಾಗಿ ನೀರು ಹೊಡೆಯಬೇಡಿ, ಬೇರಿಂಗಿನ ಗ್ರೀಸ್ ಹೋಗುತ್ತದೆ.

ನಿಮ್ಮೂರಿಗೆ ಒಂದು ಅನುಕೂಲ ಇದೆ. ಪೂರ್ವಕ್ಕೆ ಎರೆ, ದಕ್ಷಿಣಕ್ಕೆ ಕಲಘಟಗಿ, ಪಶ್ಚಿಮಕ್ಕೆ ಅಳ್ನಾವರ ಕಡೆ ಕೆಂಪು ನೆಲ. ಮಳೆ ಬಿಡುವು ಕೊಟ್ಟಾಗ ಆ ಕಡೆ ತಿರುಗಿ, ಹಿಮ್ಮಡಿ ಪರೀಕ್ಷೆ ಅಲ್ಲಿಯೂ ಮಾಡಿ. ಎರೆ ಹೊಲದ ದಾರಿಗೆ ಸುಗ್ಗಿ ಕಾಲವೇ ಚಂದ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಡುತ್ತದೆ, ಮುಂದಿನ ಚಕ್ರ ಸಿಕ್ಕಿಕೊಳ್ಳುವಷ್ಟು.

ಪ್ರಶ್ನೆ: ಕಿರಿದಾದ ದಾರಿಯಲ್ಲಿ ಎದುರು ಯಾರಾದರೂ ಬಂದರೆ ಯಾರು ನಿಲ್ಲಬೇಕು?

ಉತ್ತರ: ನಡೆಯುವವರು, ದನ, ಕುರಿ ಎದುರಾದರೆ ಯಾವಾಗಲೂ ನೀವೇ ನಿಲ್ಲಬೇಕು. ಸೈಕಲ್ಲಿನವರೇ ಎದುರಾದರೆ ಇಳಿಯುವವರು ಏರುವವರಿಗೆ ದಾರಿ ಬಿಡಬೇಕು. ಏರಿನಲ್ಲಿ ಒಮ್ಮೆ ಕಾಲೂರಿದರೆ ಮತ್ತೆ ಹೊರಡುವುದು ಕಷ್ಟ ಅಲ್ವಾ? ಕುರಿ ಹಿಂಡಿನ ಹಿಂದೆ ಬೆಲ್ ಬಾರಿಸಬೇಡಿ, ಬೆದರಿ ಚದುರುತ್ತವೆ. ಕುರಿ ಕಾಯುವವರನ್ನು ಕೂಗಿ ಕೇಳಿ, ಅವರೇ ಪಕ್ಕಕ್ಕೆ ಹೊಡೆಯುತ್ತಾರೆ.