ನಾಸ್‌ಗೆ ಸಿಂಕ್ ಮಾಡುವಾಗ ಅನುಮತಿಯ ದೋಷ: ಸುಡೋ ಹಾಕಿದ ಮೇಲೆ ಏಕೆ ಹೆಚ್ಚಾಯಿತು?

ಉಬುಂಟು ಲ್ಯಾಪ್‌ಟಾಪಿನಲ್ಲಿ ನಾಸ್‌ನ (ಮನೆಯ ಜಾಲಕ್ಕೆ ಜೋಡಿಸಿದ ಸಂಗ್ರಹ ಯಂತ್ರದ) ಫೋಲ್ಡರನ್ನು ಎನ್‌ಎಫ್‌ಎಸ್ (ಜಾಲದ ಮೂಲಕ ಕಡತ ಹಂಚುವ ವ್ಯವಸ್ಥೆ) ಮೂಲಕ ಮೌಂಟ್ ಮಾಡಿದ್ದೀರಿ, ಅಂದರೆ ಲ್ಯಾಪ್‌ಟಾಪಿನದೇ ಫೋಲ್ಡರಿನಂತೆ ಜೋಡಿಸಿದ್ದೀರಿ. ಕಡತಗಳನ್ನು ನಕಲಿಸುವ ಆರ್‌ಸಿಂಕ್ ಓಡಿಸಿದರೆ ‘ಪರ್ಮಿಷನ್ ಡಿನೈಡ್’ ಬರುತ್ತಿತ್ತು, ಸುಡೋ (ಆಜ್ಞೆಯನ್ನು ಸರ್ವಾಧಿಕಾರದ ‘ರೂಟ್’ ಬಳಕೆದಾರನಾಗಿ ಓಡಿಸುವ ಪದ) ಹಾಕಿದ ಮೇಲೆ ದೋಷಗಳ ಸಾಲು ಇನ್ನೂ ಉದ್ದವಾಯಿತು, ಎರಡೂ ಕಡೆ ಬಳಕೆದಾರನ ಹೆಸರು ಒಂದೇ ಎಂದು ಬರೆದಿದ್ದೀರಿ. ಸುಳಿವು ಇರುವುದು ಆ ಕೊನೆಯ ಮಾತಿನಲ್ಲೇ.

ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಎನ್‌ಎಫ್‌ಎಸ್ ಹೆಸರನ್ನು ನೋಡುವುದಿಲ್ಲ, ಸಂಖ್ಯೆಯನ್ನು ನೋಡುತ್ತದೆ. ಉಬುಂಟುವಿನಲ್ಲಿ ಮೊದಲ ಬಳಕೆದಾರನ ಯುಐಡಿ (ಬಳಕೆದಾರನ ಗುರುತು ಸಂಖ್ಯೆ) 1000. ನನ್ನ ನಾಸ್‌ನಲ್ಲಿ ಅದೇ ಹೆಸರಿನವನ ಯುಐಡಿ 1026. ಲ್ಯಾಪ್‌ಟಾಪಿನಿಂದ 1000 ಬಂದು ಕದ ತಟ್ಟಿದರೆ, ಇದು 1026ರ ಮನೆ ಎಂದು ನಾಸ್ ಒಳಗೆ ಬಿಡುವುದಿಲ್ಲ. ಇದು ತಿಳಿಯದೆ ನಾನು ಒಂದು ಇಡೀ ಭಾನುವಾರ ಗುಪ್ತಪದ ಬದಲಿಸುತ್ತಾ ಕುಳಿತಿದ್ದೆ. ಎರಡೂ ಯಂತ್ರಗಳಲ್ಲಿ ‘ಐಡಿ’ ಆಜ್ಞೆ ಕೊಟ್ಟು ಸಂಖ್ಯೆಗಳನ್ನು ಹೋಲಿಸಿ. ಒಂದೇ ನಿಮಿಷದ ಕೆಲಸ.

ಇನ್ನು ಸುಡೋ. ರೂಟ್ ಎಂದರೆ ಎಲ್ಲೆಡೆ ದೊರೆ ಎಂದುಕೊಳ್ಳುತ್ತೇವೆ. ಆದರೆ ನಾಸ್‌ನಲ್ಲಿ ‘ರೂಟ್ ಸ್ಕ್ವಾಷ್’ ಜಾರಿಯಲ್ಲಿದ್ದರೆ, ಹೊರಗಿನಿಂದ ಬಂದ ರೂಟ್ ‘ನೋಬಡಿ’ ಆಗುತ್ತಾನೆ, ಸಾಮಾನ್ಯವಾಗಿ ಸಂಖ್ಯೆ 65534. ಅಂದರೆ ಸುಡೋ ಹಾಕಿ ನೀವು ಇದ್ದ ಅಧಿಕಾರವನ್ನೂ ಕಳೆದುಕೊಂಡಿರಿ. ಮೇಲಾಗಿ, ರೂಟ್ ಆಗಿ ಓಡುವಾಗ ಆರ್‌ಸಿಂಕ್‌ನ ‘ಎ’ ಆಯ್ಕೆ ಪ್ರತಿ ಕಡತದ ಒಡೆತನವನ್ನೂ ನಕಲು ಮಾಡಲು ಹೊರಡುತ್ತದೆ, ನಾಸ್ ಒಪ್ಪುವುದಿಲ್ಲ.

ಇಲ್ಲಿ ಎರಡು ದೋಷಗಳನ್ನು ಬೇರೆ ಮಾಡಿ ಓದಬೇಕು. ಸಾಲಿನ ಕೊನೆಯಲ್ಲಿ 1 ಇದ್ದರೆ, ಅಂದರೆ ‘ಆಪರೇಷನ್ ನಾಟ್ ಪರ್ಮಿಟೆಡ್’, ಸಾಮಾನ್ಯವಾಗಿ ಕಡತ ತಲುಪಿರುತ್ತದೆ. ಒಡೆತನ ಬದಲಿಸಲು ಮಾತ್ರ ಆಗಿಲ್ಲ. 13 ಇದ್ದರೆ, ಅಂದರೆ ‘ಪರ್ಮಿಷನ್ ಡಿನೈಡ್’, ಕಡತವನ್ನು ಓದಲು ಅಥವಾ ಬರೆಯಲು ಆಗಿಲ್ಲ. ಆರ್‌ಸಿಂಕ್ ಹಳೆಯ ಕಡತದ ಮೇಲೆಯೇ ಬರೆಯುವುದಿಲ್ಲ, ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಕಡತ ಸೃಷ್ಟಿಸಿ ಆಮೇಲೆ ಹೆಸರು ಬದಲಿಸುತ್ತದೆ. ಹಾಗಾಗಿ ಬರೆಯುವ ಅನುಮತಿ ಫೋಲ್ಡರಿಗೆ ಬೇಕು. ಕಡತದ ಅನುಮತಿಯನ್ನಷ್ಟೇ ತಿದ್ದುವವರು ಎಡವುವುದು ಇಲ್ಲೇ.

ನಾನಾಗಿದ್ದರೆ ಮೌಂಟನ್ನೇ ಬಿಟ್ಟು, ನಾಸ್‌ನ ಬಳಕೆದಾರನಾಗಿ ಎಸ್‌ಎಸ್‌ಎಚ್ (ಬೇರೆ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮೂಲಕ ಆರ್‌ಸಿಂಕ್ ಓಡಿಸುತ್ತಿದ್ದೆ. ಆಗ ಆ ಬದಿಯಲ್ಲಿ ಬರೆಯುವವನು 1026 ತಾನೇ, ಜಗಳವೇ ಇಲ್ಲ. ಮೌಂಟ್ ಬೇಕೇ ಬೇಕೆಂದರೆ ನಾಸ್‌ನ ಎನ್‌ಎಫ್‌ಎಸ್ ನಿಯಮದಲ್ಲಿ ಎಲ್ಲ ಬಳಕೆದಾರರನ್ನೂ ಆ ಒಬ್ಬನಿಗೆ ಹೊಂದಿಸಿ, ‘ಎ’ ಬದಲು ಒಡೆತನವನ್ನು ನಕಲಿಸದ ‘ಆರ್ ಎಲ್ ಟಿ’ ಆಯ್ಕೆಗಳನ್ನು ಬಳಸಿ. ಮನೆಯ ಫೋಟೋಗಳಿಗೆ ಒಡೆತನದ ವಿವರ ಉಳಿದೇ ತೀರಬೇಕೆಂದು ನನಗನ್ನಿಸುವುದಿಲ್ಲ.

ಯಾರಾದರೂ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡಿ ಎಂದರೆ ಕೇಳಬೇಡಿ. ಈಗಾಗಲೇ ಕೊಟ್ಟು ಸುಡೋ ಓಡಿಸಿದ್ದರೆ, ಕೆಲವು ಕಡತಗಳು 65534ರ ಹೆಸರಿನಲ್ಲಿ ಕುಳಿತಿರುತ್ತವೆ. ಅವುಗಳ ಒಡೆತನವನ್ನು ನಾಸ್‌ಗೇ ಲಾಗಿನ್ ಆಗಿ ಬದಲಿಸಬೇಕು, ಲ್ಯಾಪ್‌ಟಾಪಿನಿಂದ ಆಗದು. ಆಮೇಲೆ ಒಂದು ಚಿಕ್ಕ ಫೋಲ್ಡರನ್ನು ನಿಜವಾಗಿಯೇ ಕಳುಹಿಸಿ ನೋಡಿ. ‘ಡ್ರೈ ರನ್’ ಏನನ್ನೂ ಬರೆಯುವುದಿಲ್ಲವಾದ್ದರಿಂದ ಬರೆಯುವಾಗಿನ ದೋಷ ಅದರಲ್ಲಿ ಕಾಣಿಸುವುದಿಲ್ಲ.