ಕಬ್ಬಿಣ ಮುಟ್ಟದೆ ಕಲ್ಲುಕೊಡಲಿ ಮಾಡೋಕಾಗುತ್ತಾ? ಹರಿತ ಹೇಗೆ ಬರುತ್ತೆ?

ಧಾರಾಳವಾಗಿ ಆಗುತ್ತೆ. ಹವ್ಯಾಸಕ್ಕೆ ಮಾಡ್ತಿರೋನಾಗಿ ಹೇಳ್ತೀನಿ: ಇದಕ್ಕೆ ತೋಳ್ಬಲಕ್ಕಿಂತ ಕಲ್ಲಿನ ಆಯ್ಕೆ ಮುಖ್ಯ.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಕೊಡಲಿಯ ಕಾರ್ಖಾನೆಯನ್ನೇ ನಡೆಸಿದ್ದರು. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಹೋಗಿರೋ ಕಪ್ಪು ಡಾಲರೈಟ್ ಪಟ್ಟಿಯೇ ಅವರ ಗಣಿ. ಸಣ್ಣ ಕಣದ, ಗಟ್ಟಿ ಕಲ್ಲು ಅದು. ಚಾಮರಾಜನಗರ, ಕನಕಪುರದ ಕಡೆ ಕರಿಕಲ್ಲು ಅಂತ ತೆಗೆಯೋದೂ ಹೆಚ್ಚಾಗಿ ಇದೇ ಜಾತಿಯದು. ಪಾಲಿಶ್ ಯೂನಿಟ್‌ನಲ್ಲಿ ಕೇಳಿದರೆ ಬೇಡದ ಚೂರು ಕೊಡ್ತಾರೆ. ಸಡಿಲವಾಗಿ ಹಿಡಿದು ತಟ್ಟಿ ನೋಡಿ. ಠಣ್ ಅಂದರೆ ಸರಿ, ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ, ಬಿಸಾಕಿ.

ಸುತ್ತಿಗೆಗೆ ಮುಷ್ಟಿ ಗಾತ್ರದ ದುಂಡು ಹೊಳೆಗಲ್ಲು ಸಾಕು. ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರೋ ಕಡೆ ಮಾತ್ರ ಹೊಡೀಬೇಕು. ಪೆಟ್ಟು ಬೀಳೋದು ಮೇಲ್ಮುಖದ ಅಂಚಿಗೆ, ಚಕ್ಕೆ ಬಿಡೋದು ಅಡಿಮುಖದಿಂದ. ಕಲ್ಲನ್ನು ಮಗುಚಿ, ಚಕ್ಕೆ ಎದ್ದ ಆ ತಗ್ಗಿನ ಅಂಚಿಗೇ ಮುಂದಿನ ಪೆಟ್ಟು. ಹೀಗೆ ಎರಡೂ ಕಡೆ ತೆಳುವಾಗುತ್ತಾ ಬರುತ್ತೆ. ಅಂಚು ತೀರಾ ತೆಳುವಿದ್ದರೆ ಪೆಟ್ಟಿಗೆ ಪುಡಿಯಾಗುತ್ತೆ, ಚಕ್ಕೆ ಅರ್ಧಕ್ಕೇ ಮುರಿದು ಮೆಟ್ಟಿಲು ಉಳಿಯುತ್ತೆ. ಅದಕ್ಕೇ ಪ್ರತಿ ಪೆಟ್ಟಿಗೂ ಮುಂಚೆ ಅಂಚನ್ನು ಒರಟು ಕಲ್ಲಿಂದ ಒಂದೆರಡು ಸಲ ಉಜ್ಜಿ ಮೊಂಡು ಮಾಡಿಕೊಳ್ಳಿ. ಹರಿತ ಬೇಕಾದ ಕಡೆ ಮೊಂಡು ಮಾಡೋದು ವಿಚಿತ್ರ ಅನ್ನಿಸಬಹುದು, ಆದರೆ ಅದನ್ನು ಬಿಟ್ಟರೆ ಕೆಲಸ ಮುಂದೆ ಹೋಗಲ್ಲ. ಉಳಿದ ಉಬ್ಬುಗಳನ್ನು ಹೊಳೆಗಲ್ಲಿಂದಲೇ ಸಣ್ಣಗೆ ಕುಟ್ಟಿ ಕುಟ್ಟಿ ಇಳಿಸಿ.

ನಿಜವಾದ ಹರಿತ ಬರೋದು ಮಸೆತದಲ್ಲಿ. ಗ್ರಾನೈಟ್‌ನಲ್ಲಿರೋ ಬೆಣಚು ಡಾಲರೈಟ್‌ಗಿಂತ ಗಡಸು, ಹಾಗಾಗಿ ಗ್ರಾನೈಟ್ ಬಂಡೆಯೇ ಸಾಣೆ. ನೀರು ಚಿಮುಕಿಸಿ, ಹಿಡಿ ಮರಳು ಹಾಕಿ, ಹಿಂದೆ ಮುಂದೆ ಉಜ್ಜುತ್ತಾ ಇರಬೇಕು. ಬೇಜಾರಿನ ಕೆಲಸ, ಗಂಟೆಗಟ್ಟಲೆ ಹಿಡಿಯುತ್ತೆ. ಸಂಗನಕಲ್ಲಿನ ಬಂಡೆಗಳ ಮೇಲೆ ಹೀಗೆ ಮಸೆದೇ ಬಿದ್ದ ನುಣುಪು ತಗ್ಗುಗಳು ಈಗಲೂ ಇವೆ. ಪೂರ್ತಿ ಕೊಡಲಿಯನ್ನು ನುಣುಪು ಮಾಡೋ ಅಗತ್ಯವಿಲ್ಲ. ಬಾಯಿ ಹರಿತವಾದರೆ ಸಾಕು, ಹಿಂಬದಿ ಒರಟಾಗಿದ್ದರೇ ಮರದ ಹಿಡಿ ಬಿಗಿಯಾಗಿ ಕೂರುತ್ತೆ.

ಕನ್ನಡಕ ಹಾಕಿಕೊಳ್ಳಿ, ತೊಡೆ ಮೇಲೆ ದಪ್ಪ ಚರ್ಮ ಹಾಸಿಕೊಳ್ಳಿ. ಒಣಗಲ್ಲು ಮಸೆಯಲೇಬೇಡಿ, ಆ ಧೂಳು ಶ್ವಾಸಕೋಶ ಹಾಳುಮಾಡುತ್ತೆ. ಹಿರೇಗುಡ್ಡ ನೋಡೋಕೆ ಹೋದರೆ ಅಲ್ಲಿಂದ ಚೂರೂ ಎತ್ತಬೇಡಿ, ಅಲ್ಲಿ ಕೂತು ಕೆತ್ತಲೂ ಬೇಡಿ. ನಾಳೆ ಅಗೆಯೋರಿಗೆ ನಿಮ್ಮ ಚಕ್ಕೆ ಯಾವುದು, ಅವರದು ಯಾವುದು ಅಂತ ಬೇರ್ಪಡಿಸೋದು ಕಷ್ಟವಾಗುತ್ತೆ.